ವಿರೂಪಣ್ಣನವರು ಕಾರಿಗೆ ಬಣ್ಣ ಹೊಡೆಸಿದ್ದು

ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣನವರು ತಮ್ಮ ಹಳೆಯ ಅಂಬಾಸಿಡರ್ ಕಾರಿಗೆ ಬಣ್ಣ ಹೊಡೆಸಿದ್ದು ಮಗಳ ಮದುವೆಯ ಸಲುವಾಗಿ. ಎಪ್ಪತ್ತೆಂಟನೇ ಇಸವಿಯಲ್ಲಿ ಅವರ ತಂದೆ ಕೊಂಡಿದ್ದ ಆ ಕಾರು ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲಗಳ ಪಕ್ಕ ನಿಂತಿರುತ್ತಿತ್ತು. ಸೋಮವಾರಕ್ಕೊಮ್ಮೆ ಗುಡಿಯ ತನಕ ಹೋಗಿ ಬರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಮಗಳು ಐಶ್ವರ್ಯಳನ್ನು ನೋಡಲು ದೇವದುರ್ಗದಿಂದ ಬಂದ ಹುಡುಗ ಬಸವಪ್ರಸಾದ, ಹುಡುಗಿಗಿಂತ ಹೆಚ್ಚು ಹೊತ್ತು ಈ ಕಾರನ್ನೇ ನೋಡಿದ್ದ. "ಮಾವಾರ, ಮೆರವಣಿಗಿ ಇದರಾಗೇ ಆಗ್ಬೇಕ್ರಿ" ಎಂದಿದ್ದ. ಬೇರೇನನ್ನೂ ಕೇಳದ ಅಳಿಯ ಇದೊಂದನ್ನು ಕೇಳಿದ ಮೇಲೆ ವಿರೂಪಣ್ಣನವರಿಗೆ ನಿದ್ದೆ ಬರುವುದುಂಟೇ?

ಬಣ್ಣ ಹೊಡೆಯುವವನ ಹತ್ತಿರ ಅವರು ಮೂರು ದಿನ ಕುರ್ಚಿ ಹಾಕಿಕೊಂಡು ಕೂತರು. ಕೆನೆಹಾಲಿನ ಬಣ್ಣ. ಬೋಲ್ಟುಗಳನ್ನು ಬಿಚ್ಚಿಸಿ ಅವುಗಳ ಬುಡಕ್ಕೂ ಹೊಡೆಸಿದರು. "ಅಲ್ಲಿ ಯಾರು ನೋಡ್ತಾರ್ರಿ?" ಎಂದು ಅವನು ಗೊಣಗಿದರೆ, "ನಾ ನೋಡ್ತೀನಿ, ಹೊಡಿ" ಎಂದರು. ಕಾರು ಮನೆಗೆ ಬಂದಾಗ ಓಣಿಯ ಜನ ಅದರಲ್ಲಿ ಮುಖ ನೋಡಿಕೊಂಡು ಹೋದರು.

ಕಾರಿನ ಗುಣ ಕೆಟ್ಟದ್ದೂ ಅಂದಿನಿಂದಲೇ. ಬ್ರೇಕ್ ತುಳಿದರೆ ಹಿಂದಿನ ಎರಡೂ ಇಂಡಿಕೇಟರುಗಳು ಹೊತ್ತಿಕೊಳ್ಳುತ್ತಿದ್ದವು. ಇಂಡಿಕೇಟರ್ ಹಾಕಿದರೆ ಅದರ ಜೊತೆಗೆ ಹಿಂದಿನ ಕೆಂಪು ದೀಪವೂ ಮಿಣಮಿಣ ಎನ್ನುತ್ತಿತ್ತು. ಕೀಲಿ ತಿರುವಿದರೆ ಒಮ್ಮೆ ಚಾಲೂ ಆಗುವುದು, ಇನ್ನೊಮ್ಮೆ ಬರೀ "ಟಿಕ್" ಎಂದು ಸುಮ್ಮನಾಗುವುದು.

ಲಗ್ನಪತ್ರಿಕೆ ಕೊಡಲೆಂದು ವಿರೂಪಣ್ಣನವರು ಹೆಂಡತಿ ನೀಲಗಂಗಮ್ಮನ ಜೊತೆ ಅದೇ ಕಾರಿನಲ್ಲಿ ದೇವದುರ್ಗಕ್ಕೆ ಹೊರಟರು. ಸಿರವಾರದ ಹತ್ತಿರ ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಪಕ್ಕಕ್ಕೆ ತಂದು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಜಮಾನ್ರ, ಎಡಕ್ಕ ಹೊಂಟೀರೋ ಬಲಕ್ಕ ಹೊಂಟೀರೋ? ಯಾವುದರ ಒಂದ್ ಹೇಳ್ರಿ!"

"ನೆಟ್ಟಗ ಹೊಂಟೀನಿ!" ಎಂದು ವಿರೂಪಣ್ಣನವರು ಕೂಗಿದರು. ಬಸ್ಸಿನ ತುಂಬ ಜನ ನಕ್ಕರು.

ದೇವದುರ್ಗದಲ್ಲಿ ಬೀಗರಾದ ಪಂಪಾಪತಿಯವರ ಮನೆಯಲ್ಲಿ ಹೋಳಿಗೆ ಊಟ ಭರ್ಜರಿಯಾಯಿತು. ಬೀಳ್ಕೊಡಲು ಮನೆಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು. ವಿರೂಪಣ್ಣನವರು ಗತ್ತಿನಿಂದ ಕೀಲಿ ತಿರುವಿದರು. ಟಿಕ್. ಮತ್ತೆ ತಿರುವಿದರು. ಟಿಕ್.

"ಚೋಕ್ ಎಳಿ" ಎಂದು ಹೆಂಡತಿಗೆ ಪಿಸುಗುಟ್ಟಿದರು. ಆಕೆ ಸ್ಟೀರಿಂಗ್ ಪಕ್ಕದ ಚೋಕಿನ ಗುಂಡಿ ಹಿಡಿದವಳೇ ಕೈ ಹಿಂದಕ್ಕೆ ತೆಗೆದಳು.

"ಯವ್ವಾ, ಗುಂಡಿ ಸುಡಾಕತ್ತೇದಲ್ರಿ!"

"ಮೇ ತಿಂಗಳಾಗ ದೇವದುರ್ಗದಾಗ ಸುಡಲಾರದ್ದು ಏನದ? ಸೆರಗ ಸುತಗೊಂಡು ಎಳಿ."

ಕಡೆಗೆ ಪಂಪಾಪತಿಯವರು, ಅವರ ಇಬ್ಬರು ತಮ್ಮಂದಿರು, ಇಸ್ತ್ರಿ ಅಂಗಿಯ ಅಳಿಯ, ಎಲ್ಲರೂ ಸೇರಿ ಬಸ್‌ಸ್ಟ್ಯಾಂಡಿನ ತನಕ ನೂಕಿದ ಮೇಲೆ ಕಾರು ಚಾಲೂ ಆಯಿತು. ಮದುವೆಗೆ ಮುಂಚೆಯೇ ಅಳಿಯನ ಕೈಯಲ್ಲಿ ಗಾಡಿ ನೂಕಿಸಿದ ಮಾವ ತಾನೊಬ್ಬನೇ ಇರಬೇಕು ಎನ್ನಿಸಿ ವಿರೂಪಣ್ಣನವರ ಕಿವಿ ಕೆಂಪಾಯಿತು. ಊರು ಮುಟ್ಟುವ ತನಕ ಅವರು ಹೆಂಡತಿಯ ಮುಖ ನೋಡಲಿಲ್ಲ.

ಮಾನ್ವಿಯ ಮೆಕ್ಯಾನಿಕ್ ತಾಯಣ್ಣ ಬ್ಯಾಟರಿ ಬದಲಿಸಿದ. ಚಾಲೂ ಆಯಿತು. ಸಂಜೆಗೆ ಟಿಕ್. ಸ್ಟಾರ್ಟರ್ ಬಿಚ್ಚಿ ಬೇರೆಯದು ಕೂಡಿಸಿದ. ಚಾಲೂ ಆಯಿತು. ಮರುದಿನ ಟಿಕ್. "ನನ್ನ ಮುಂದ ಛಲೋ ಇರತದ್ರಿ, ನಿಮ್ಮ ಮನಿಗೆ ಹೋದ ಮ್ಯಾಲೆನೇ ಹಿಂಗ್ ಮಾಡ್ತದ" ಎಂದು ತಾಯಣ್ಣ ಕೈ ಒರೆಸಿಕೊಂಡ. ಇಲಿ ವೈರು ಕಡಿದಿರಬೇಕೆಂದು ಯಾರೋ ಹೇಳಿದರು. ಸೀಟು ಕಿತ್ತು ನೋಡಿದರೆ ಇಲಿ ಇರಲಿಲ್ಲ. ತಂದೆಯವರು ಕಳೆದುಹೋಯಿತೆಂದು ಎರಡು ತಿಂಗಳು ಹುಡುಕಿಸಿದ್ದ ಅಡಕತ್ತರಿ ಇತ್ತು. ಕಡೆಗೆ ವಿರೂಪಣ್ಣನವರೇ ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿಕೊಂಡು, ಒಂದನ್ನು ಬ್ಯಾಟರಿಗೆ ಸಿಕ್ಕಿಸಿ, ಇನ್ನೊಂದನ್ನು ಕಾರಿನ ವೈರುಗಳಿಗೆಲ್ಲ ಮುಟ್ಟಿಸುತ್ತ ಹೋದರು. ಮುಟ್ಟಿಸಿದಲ್ಲೆಲ್ಲ ಬಲ್ಬು ಹೊತ್ತಿತು.

"ಎಲ್ಲಾ ಕಡಿ ಕರೆಂಟ್ ಅದ! ಮತ್ತ್ಯಾಕ ಏಳವಲ್ಲದು?"

"ಮುಂಜಾನಿ ಸೈತ ಆ ಗುಂಡಿ ಬಿಸಿ ಇತ್ತು ನೋಡ್ರಿ" ಎಂದಳು ನೀಲಗಂಗಮ್ಮ.

"ಗುಂಡಿ ತಗೊಂಡು ಏನ್ ಮಾಡ್ಲಿ? ಗಾಡಿ ಏಳ್ಬೇಕು ನನಗ!"

ಮದುವೆಗೆ ನಾಲ್ಕು ದಿನ ಉಳಿದಾಗ ರಾಯಚೂರಿನ ಅಲ್ಲಾಬಕ್ಷ್ ಸಾಬರ ನೆನಪಾಯಿತು. ಹಿಂದೆ ಗಿರಣಿಯ ಲಾರಿಗಳ ವೈರಿಂಗ್ ಮಾಡುತ್ತಿದ್ದವರು, ಈಗ ಎಪ್ಪತ್ತು ದಾಟಿದವರು. ಗಂಡಹೆಂಡತಿ ಮುಂಜಾನೆಯೇ ಹೊರಟರು. ದಾರಿಯಲ್ಲಿ ಕಲ್ಲೂರಿನಲ್ಲಿ ಚಹಾಕ್ಕೆ ನಿಂತಾಗ ಇಂಜಿನ್ ಆರಿಸುವ ಧೈರ್ಯ ವಿರೂಪಣ್ಣನವರಿಗೆ ಬರಲಿಲ್ಲ. ಒಬ್ಬರು ಕಾರಿನಲ್ಲಿ ಕೂತಾಗ ಇನ್ನೊಬ್ಬರು ಇಳಿದು ಕುಡಿದು ಬಂದರು.

ಅಲ್ಲಾಬಕ್ಷ್ ಕೂಡಲೇ ಬಾನೆಟ್ ಎತ್ತಲಿಲ್ಲ. ಬೇವಿನ ನೆರಳಿಗೆ ಎರಡು ಸ್ಟೂಲು ಹಾಕಿಸಿ ಕಥೆಯನ್ನೆಲ್ಲ ಕೇಳಿದರು. ಆಮೇಲೆ, "ಸಾವ್ಕಾರ್ರ, ಗಾಡ್ಯಾಗ ಏನರ ಬಿಸಿ ಆಗತದೇನು?" ಎಂದರು.

"ರಾಯಚೂರಾಗ ಕುಂತು ಬಿಸಿ ಕೇಳ್ತೀರಲ್ಲ ಸಾಬ್ರ! ನನ್ನ ತೆಲೀನೇ ಬಿಸಿ ಆಗೇದ."

"ಚೋಕಿನ ಗುಂಡಿ" ಎಂದಳು ನೀಲಗಂಗಮ್ಮ. "ಶೆಡ್ಡಿನ ನೆಳ್ಳಾಗ, ಮುಂಜಾನಿ ಆರಕ್ಕೂ ಬಿಸಿ. ಕೀಲಿ ತಿರುವಿದಾಗ ಅಷ್ಟ. ನಾಕ್ ಸಲ ಹೇಳೀನಿ ಇವ್ರಿಗೆ."

ಅಲ್ಲಾಬಕ್ಷ್ ಎದ್ದು ನಿಂತರು. "ಅಕ್ಕಾರ, ಇದೊಂದ್ ಮಾತು ನೀವು ಫೋನಿನ್ಯಾಗ ಹೇಳಿದ್ರ ಇಲ್ಲಿತನ ಬರೂದೇ ಬೇಕಿದ್ದಿಲ್ಲ."

ಹೆಬ್ಬೆರಳು ಗಾತ್ರದ ಒಂದು ಕೇಬಲ್ ತಂದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿದರು. "ತಿರುವ್ರಿ." ಕಾರು ಮೊದಲ ಸಲಕ್ಕೇ ಗುರ್ರೆಂದು ಎದ್ದಿತು. ಆರಿಸಿ ಕೇಬಲ್ ತೆಗೆದರು: ಟಿಕ್. ಮತ್ತೆ ಕಚ್ಚಿಸಿದರು: ಗುರ್ರ್. ವಿರೂಪಣ್ಣನವರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಕರೆಂಟು ವೈರಿನ್ಯಾಗ ಹೋಗ್ತದ್ರಿ, ವಾಪಸ್ ಬರೂದು ಗಾಡಿಯ ತಗಡಿನ ಮ್ಯಾಲೆ. ನೀವೆಲ್ಲ ಹೋಗೂ ದಾರಿ ನೋಡೀರಿ, ಬರೂ ದಾರಿ ಯಾರೂ ನೋಡಿಲ್ಲ. ಅದಕ್ಕ ದಾರಿ ಸಿಗಲಾರ್ದ, ಗುಂಡಿಯಿಂದ ಇಂಜಿನ್ನಿಗೆ ಹೋಗೂ ಚೋಕಿನ ತಂತಿ ಹಿಡಕೊಂಡು ಬರಾಕತ್ತೇದ. ಅಷ್ಟು ಸಣ್ಣ ತಂತಿ, ಬಿಸಿ ಆಗಲಾರ್ದ ಏನ್ ಮಾಡೀತು?" ಎನ್ನುತ್ತಲೇ ಅವರು ಇಂಜಿನ್ನಿನಿಂದ ಕಾರಿನ ತಗಡಿಗೆ ಬಿಗಿದಿದ್ದ ಪಟ್ಟಿಯ ಬೋಲ್ಟು ಬಿಚ್ಚಿದರು. ಅದರ ಬುಡದಲ್ಲಿ ಕೆನೆಹಾಲಿನ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅರೆ ವಾ! ಇಷ್ಟು ನಿಗಾದಿಂದ ಯಾರು ಹೊಡದಾರ್ರಿ?"

ವಿರೂಪಣ್ಣನವರು ಬೇವಿನ ಮರ ನೋಡತೊಡಗಿದರು.

"ಹೊಡದವ ಬ್ಯಾರೆ" ಎಂದಳು ನೀಲಗಂಗಮ್ಮ. "ಕುಂತು ಹೊಡಿಸಿದವ್ರು ಇಲ್ಲೇ ಅದಾರ."

ಬಣ್ಣದೊಳಗೆ ಕರೆಂಟು ಹಾಯುವುದಿಲ್ಲ, ಅದನ್ನು ಕೆರೆದು ತಗಡು ಬೆಳ್ಳಗೆ ಕಾಣಬೇಕು ಎಂದು ಅಲ್ಲಾಬಕ್ಷ್ ಮರಳು ಕಾಗದ ಕೊಟ್ಟರು. ವಿರೂಪಣ್ಣನವರು ಅದನ್ನು ಹಿಡಿದು ಕೂಸಿನ ಕೆನ್ನೆ ಒರೆಸುವ ಹಾಗೆ ಮೆಲ್ಲಗೆ ಆಡಿಸಿದರು. ಬಣ್ಣಕ್ಕೆ ಏನೂ ಆಗಲಿಲ್ಲ. ಎರಡು ನಿಮಿಷ ನೋಡಿದ ನೀಲಗಂಗಮ್ಮ ಸೆರಗು ಸಿಕ್ಕಿಸಿ, ಕಾಗದ ಕಿತ್ತುಕೊಂಡು, ತಳ ಹಿಡಿದ ಹಾಲಿನ ಬೋಗುಣಿ ತಿಕ್ಕುವ ಹಾಗೆ ತಿಕ್ಕಿದಳು. ಪರ್ ಪರ್ ಸದ್ದಿಗೆ ವಿರೂಪಣ್ಣನವರು ಕಣ್ಣು ಮುಚ್ಚಿದರು. ಹಿಂದಿನ ದೀಪಗಳ ಬುಡಕ್ಕೂ ಅದೇ ಗತಿಯಾಯಿತು. ತಿಕ್ಕಿದ ಜಾಗಕ್ಕೆಲ್ಲ ಅಲ್ಲಾಬಕ್ಷ್ ಗ್ರೀಸ್ ಹಚ್ಚಿ ಬೋಲ್ಟು ಬಿಗಿದರು. ಬ್ರೇಕ್ ತುಳಿದರೆ ಬ್ರೇಕಿನ ದೀಪ ಮಾತ್ರ ಹೊತ್ತಿತು.

ತಿರುಗಿ ಹೋಗುವಾಗ ಕಲ್ಲೂರಿನಲ್ಲಿ ವಿರೂಪಣ್ಣನವರು ಇಂಜಿನ್ ಆರಿಸಿದರು. ಇಬ್ಬರೂ ಬೆಂಚಿನ ಮೇಲೆ ಕೂತರು.

"ಮೊದಲೇ ಕೇಳ್ಬೇಕಿತ್ತು" ಎಂದು ಅವರು ಚಹಾದ ಲೋಟಕ್ಕೆ ಹೇಳಿದರು.

"ಯಾರಿಗೆ ಹೇಳಿದ್ರಿ?"

"ನಿನಗ."

ನೀಲಗಂಗಮ್ಮ ಇನ್ನೆರಡು ಚಹಾ ಹೇಳಿದಳು.

ಮದುವೆಯ ದಿನ ದೇವದುರ್ಗದಲ್ಲಿ ಕಾರಿಗೆ ಚೆಂಡುಹೂವಿನ ಮಾಲೆ ಬಿತ್ತು. ಹಿಂದಿನ ಸೀಟಿನಲ್ಲಿ ಬಸವಪ್ರಸಾದ ಮತ್ತು ಐಶ್ವರ್ಯ, ಮುಂದೆ ಬ್ಯಾಂಡಿನವರು. ಸ್ಟೀರಿಂಗ್ ಹಿಡಿದ ವಿರೂಪಣ್ಣನವರು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದು ಕೀಲಿ ತಿರುವಿದರು. ಅದೇ ಹೊತ್ತಿಗೆ ಬ್ಯಾಂಡೂ ಶುರುವಾಯಿತು. ಆ ಗದ್ದಲದಲ್ಲಿ ಇಂಜಿನ್ನಿನ ಸದ್ದು ಅವರಿಗೆ ಒಂದಿಷ್ಟೂ ಕೇಳಿಸಲಿಲ್ಲ. ಗಾಬರಿಯಲ್ಲಿ ಮತ್ತೆ ಕೀಲಿ ತಿರುವಿದರು. ಚಾಲೂ ಇದ್ದ ಇಂಜಿನ್ ಕರ್ರೆಂದು ಕಿರುಚಿತು. ಬ್ಯಾಂಡು ನಿಂತಿತು. ಪಂಪಾಪತಿಯವರೂ ತಮ್ಮಂದಿರೂ ಏನೂ ಕೇಳದೆ ಅಂಗಿಯ ತೋಳು ಮಡಚಿಕೊಂಡು ಕಾರಿನ ಹಿಂದೆ ಬಂದು ನಿಂತರು.

ನೀಲಗಂಗಮ್ಮ ಕಿಟಕಿಯಲ್ಲಿ ಬಗ್ಗಿದಳು. "ಚಾಲೂ ಆಗೇದ್ರಿ. ಗೇರ್ ಹಾಕ್ರಿ, ನಡೀರಿ."

ಅವರು ಗೇರ್ ಹಾಕಿದರು. ಹಿಂದೆ ನೂಕಲು ಬಾಗಿದ್ದ ಬೀಗರ ಕೈ ಗಾಳಿಯಲ್ಲೇ ಉಳಿಯಿತು. ಕಾರು ಮುಂದೆ ಹೋಯಿತು.