ನಿನ್ನೆಯ ಪ್ರತಿ

"ನಕಲು ಇಡೋ ಪ್ರೋಗ್ರಾಂ ಎರಡನ್ನೂ ಓಡಿಸಿ ನೋಡಿದ್ದಾಯ್ತು ಅತ್ತೆ. ಈಗ ಒಂದನ್ನ ಆರಿಸಿ," ಎಂದು ತಮ್ಮನ ಮಗಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಮೇಜಿನ ಮೇಲೆ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರು, ಪಕ್ಕದಲ್ಲಿ ಅಂಗೈಯಗಲದ ಎರಡು ಹೊಸ ಡಿಸ್ಕು. ಕಂಪ್ಯೂಟರಿನ ಒಳಗಿನ ಡಿಸ್ಕು ಹದಿನೈದು ದಿನಗಳಿಂದ ಕಟಕಟ ಎನ್ನುತ್ತಿತ್ತು. ಆ ಸದ್ದು ಕೇಳಿಯೇ ಆಕೆ ತಮ್ಮನ ಮಗಳನ್ನು ಕರೆಸಿದ್ದಳು. ಗಂಡನ ದನಿ ಇದ್ದದ್ದು ಅದೊಂದರಲ್ಲೇ. ಕಣ್ಣು ಕಾಣದವರ ಗ್ರಂಥಾಲಯಕ್ಕಾಗಿ ಅವರು ಕಡಲತೀರದ ದೀಪಸ್ತಂಭಗಳ ಚರಿತ್ರೆಯೊಂದನ್ನು ಓದಿ ರೆಕಾರ್ಡ್ ಮಾಡಿದ್ದರು, ಒಟ್ಟು ನಲವತ್ತೊಂದು ಅಧ್ಯಾಯ. ಕೊನೆಯದನ್ನು ಮುಗಿಸಿದ ವಾರದಲ್ಲೇ ಭಗವಂತ ಕರೆಸಿಕೊಂಡ.

ಕೆಮ್ಮು, ತಡವರಿಕೆ, ಬಾಗಿಲ ಸದ್ದು ಇವನ್ನೆಲ್ಲ ಕತ್ತರಿಸಿ ಓದನ್ನು ಹಸನು ಮಾಡುವುದು ಇಪ್ಪತ್ತು ವರ್ಷಗಳಿಂದ ಆಕೆಯ ಕೆಲಸ. ಮೊದಲು ಕೇಳುತ್ತ ಕತ್ತರಿಸುತ್ತಿದ್ದಳು. ಅವರು ಹೋದಮೇಲೆ ಕೇಳುವುದು ಕಷ್ಟವಾಗಿ, ಸದ್ದು ಬಂದ್ ಮಾಡಿ, ದನಿಯ ಏರಿಳಿತ ತೋರಿಸುವ ಪರದೆಯ ಮೇಲಿನ ಗೀಟು ನೋಡಿಯೇ ಕತ್ತರಿಸತೊಡಗಿದಳು. ಓದಿನ ಗೀಟು ಒಂದೇ ಸಮ ಓಡುತ್ತದೆ. ಕೆಮ್ಮು ಬಂದಲ್ಲಿ ಗುಡ್ಡದ ಹಾಗೆ ಏಳುತ್ತದೆ. ಪಳಗಿದ ಕಣ್ಣಿಗೆ ಅಷ್ಟು ಸಾಕು.

ತಮ್ಮನ ಮಗಳು ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಮಾತೂ ಚುರುಕು.

"ಈ ಡಿಸ್ಕಿಗೆ ಹಾಕಿರೋದು ಆರ್‌ಸಿಂಕ್. ಬದಲಾದದ್ದನ್ನ ಮಾತ್ರ ನಕಲು ಮಾಡುತ್ತೆ, ಬೇಗ ಮುಗಿಯುತ್ತೆ. ನಾನು ಹಾಕಿರೋ ರೀತೀಲಿ ಇದು ಕನ್ನಡಿ ಇದ್ದ ಹಾಗೆ. ನೀವು ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸುತ್ತೆ."

"ಹೇಳಿದ ಮಾತು ಕೇಳುತ್ತೆ ಅನ್ನು. ನಿಮ್ಮ ಮಾವನಿಗಿಂತ ವಾಸಿ."

ಅವಳು ನಕ್ಕಳು. "ಇನ್ನೊಂದು ಡಿಸ್ಕಿಗೆ ಬೋರ್ಗ್. ಇದೂ ಬದಲಾದದ್ದನ್ನಷ್ಟೇ ತಗೊಳ್ಳುತ್ತೆ, ಆದ್ರೆ ಹಳೇದನ್ನ ಬಿಸಾಡಲ್ಲ. ನಿನ್ನೆ ಹೇಗಿತ್ತು, ಮೊನ್ನೆ ಹೇಗಿತ್ತು, ತಾರೀಕು ಹಾಕಿ ಇಟ್ಟಿರುತ್ತೆ. ಪಾಸ್‌ವರ್ಡ್ ಮರೆತ್ರೆ ಮಾತ್ರ ದೇವರು ಬಂದ್ರೂ ತೆಗೆಯೋಕಾಗಲ್ಲ."

"ದೇವರನ್ನ ಯಾಕೆ ಎಳೀತೀಯೆ ಇದಕ್ಕೆಲ್ಲ? ಮೊದಲನೇದೇ ಸಾಕು. ಹಳೇ ಕಸ ಕಟ್ಟಿಕೊಂಡು ಏನು ಮಾಡಲಿ?"

ಒಂದು ಅಧ್ಯಾಯಕ್ಕೆ ಒಂದೇ ಫೈಲು ಎಂಬುದು ಆಕೆಯ ನೇಮ. ಹಸನಾದದ್ದನ್ನು ಅದೇ ಹೆಸರಿನಲ್ಲಿ ಉಳಿಸುವಳು. ರೆಕಾರ್ಡರಿನ ಕಾರ್ಡನ್ನು ಕಂಪ್ಯೂಟರಿಗೆ ಇಳಿಸಿದ ದಿನವೇ ಖಾಲಿ ಮಾಡುವಳು. ಎರಡೆರಡು ಪ್ರತಿ ಇದ್ದರೆ ಗ್ರಂಥಾಲಯಕ್ಕೆ ತಪ್ಪು ಪ್ರತಿ ಹೋದೀತೆಂಬ ಅಂಜಿಕೆ.

"ಆರಿಸೋ ಮುಂಚೆ ಒಂದು ಫೈಲ್ ವಾಪಸ್ ತಂದು ನೋಡಬೇಕು. ಅದನ್ನ ನೋಡದೆ ಆಸ್ಪತ್ರೇಲಿ ನಾನು ಸಹೀನೇ ಹಾಕಲ್ಲ. ಯಾವುದು ತರಲಿ?"

"ನಲವತ್ತೊಂದು ತಾ. ಬೆಳಿಗ್ಗೆ ತಾನೇ ಮುಗಿಸಿದ್ದು."

ಮೊದಲ ಡಿಸ್ಕಿನಿಂದ ಬಂದ ಫೈಲು ಬೆಳಿಗ್ಗೆ ಆಕೆ ಮಾಡಿಟ್ಟ ಹಾಗೆಯೇ ಇತ್ತು: ಮೂವತ್ತೆಂಟು ನಿಮಿಷ, ಗೀಟು ಸಪಾಟು. ಎರಡನೆಯದರಿಂದ ಬಂದದ್ದು ಒಂದು ನಿಮಿಷ ಉದ್ದವಾಗಿತ್ತು.

"ಇದು ಹೆಚ್ಚಿದೆಯಲ್ಲೇ?"

"ಇದರಲ್ಲಿ ನಿನ್ನೆ ಸಂಜೆಯದನ್ನೇ ತೆಗೆದೆ. ನೀವು ಕತ್ತರಿ ಹಾಕೋ ಮುಂಚಿನದು. ಕೆಟ್ಟಿಲ್ಲ ತಾನೇ, ನೋಡೋಣ," ಎಂದು ಅವಳು ಗೀಟಿನ ಮೇಲಿನ ಒಂದು ಗುಡ್ಡದ ಬಳಿ ಒತ್ತಿದಳು.

"...ಆ ಬೆಳಕು ಹನ್ನೆರಡು ಮೈಲಿ ದೂರದ ಹಡಗಿಗೂ ಕಾಣುತ್ತಿತ್ತು," ಎಂದು ಓದುತ್ತಿದ್ದ ದನಿ ನಿಂತಿತು. ಕೆಮ್ಮು. ಕುರ್ಚಿ ಕಿರುಗುಟ್ಟಿತು. "ಏ, ಇಲ್ಲೇ ಇದೀಯಾ?"

ದೂರದಿಂದ ಆಕೆಯದೇ ದನಿ: "ಇನ್ನೆಲ್ಲಿಗೆ ಹೋಗ್ತೀನಿ? ಓದಿ ನೀವು."

"ಇದೀಯೋ ಇಲ್ವೋ ಅಂತ ಕೇಳ್ದೆ, ಅಷ್ಟೇ." ಗಂಟಲು ಸರಿಪಡಿಸಿಕೊಂಡ ಸದ್ದು. ಓದು ಮುಂದುವರಿಯಿತು.

ತಮ್ಮನ ಮಗಳು ನಿಲ್ಲಿಸಿದಳು. 

"ಮಿಕ್ಕ ನಲವತ್ತರದ್ದು?" ಆಕೆ ಕೇಳಿದಳು.

"ನಿನ್ನೆ ತಾನೇ ಶುರು ಮಾಡಿದ್ದು ಅತ್ತೆ. ಅದಕ್ಕೂ ಹಿಂದೆ ಅಳಿಸಿದ್ದು ಇದಕ್ಕೆ ಗೊತ್ತಿಲ್ಲ."

ಆಕೆ ತಲೆಯಾಡಿಸಿದಳು. ಹನ್ನೆರಡನೆಯ ಅಧ್ಯಾಯದಲ್ಲಿ ಉದ್ದದ ಗುಡ್ಡವೊಂದಿತ್ತು. ಮೂವತ್ತರಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು. ಕೆಮ್ಮು ಜೋರಾಗಿದೆ ಎಂದುಕೊಂಡು ಎರಡನ್ನೂ ಒಟ್ಟಿಗೇ ತೆಗೆದಿದ್ದಳು. ಅಂದು ಕೈ ಒಂದಿಷ್ಟೂ ತಡವರಿಸಿರಲಿಲ್ಲ.

"ಎರಡನೇದು ಇರಲಿ."

ಅವಳು ಕೀಲಿಗಳನ್ನು ಒತ್ತತೊಡಗಿದಳು. ಕೊನೆಗೆ, "ಮೂವತ್ತು ದಿನಕ್ಕಿಂತ ಹಳೇದನ್ನ ತೆಗೆದುಹಾಕು ಅಂತ ಒಂದು ಸಾಲು ಬರೆದಿದ್ದೀನಿ. ಎಲ್ಲರೂ ಹಾಗೇ ಮಾಡೋದು. ಇಲ್ದಿದ್ರೆ ಒಂದಲ್ಲ ಒಂದು ದಿನ ಡಿಸ್ಕ್ ತುಂಬಿಹೋಗುತ್ತೆ," ಎಂದಳು.

"ಆ ಸಾಲು ತೆಗಿ."

"ತುಂಬಿದ್ರೆ?"

"ತುಂಬಲಿ ಬಿಡು. ಇನ್ನೊಂದು ತಂದರಾಯ್ತು."

ಸಾಲು ಹೋಯಿತು. ಆಕೆ ಎದ್ದು ಬೀದಿಯ ಕಡೆಯ ಕಿಟಕಿ ಮುಚ್ಚಿದಳು. ಗಾಡಿಗಳ ಸದ್ದು ಕಡಿಮೆಯಾಯಿತು. ಬಂದು ಕೂತು, ಸೆರಗು ಸರಿಮಾಡಿಕೊಂಡು, "ಮೊದಲಿಂದ ಹಾಕು," ಎಂದಳು.

"ಪೂರ್ತಿ ಮೂವತ್ತೊಂಬತ್ತು ನಿಮಿಷ ಇದೆ ಅತ್ತೆ."

"ಗೊತ್ತು. ನಿನಗೆ ಹೊತ್ತಾದರೆ ಹೊರಡು."

ಅವಳು ಹೊರಡಲಿಲ್ಲ. ಮೇಜಿನ ಮೇಲಿದ್ದ ತನ್ನ ಫೋನನ್ನು ಬಂದ್ ಮಾಡಿ ಬೋರಲು ಹಾಕಿದಳು.