ಹಾಲು ಬೇಡವಾದ ಮನೆಗಳು

ಮನೆಮನೆಗೆ ಹಾಲು ತಲುಪಿಸುವ ಆ ಪುಟ್ಟ ಕಂಪನಿಯ ಯಜಮಾನರು ಅಂದು ಬೆಳಿಗ್ಗೆ ಸೀಟಿ ಹೊಡೆಯುತ್ತಲೇ ಆಫೀಸಿಗೆ ಬಂದರು. ಮರುದಿನ ಹೆಂಡತಿ ಮಕ್ಕಳೊಂದಿಗೆ ಸಮುದ್ರ ನೋಡಲು ಹೊರಡುವುದಿತ್ತು. ಆದರೆ ಬಂದಿದ್ದ ಒಂದು ಇ-ಮೇಲ್ ಓದಿದ್ದೇ ತಡ, ಮುಖ ಕೆಂಪಗಾಯಿತು. ಬರೆದವಳು ಯಾರೋ ಗಿರಾಕಿ: "ನಿಮ್ಮ ಆ್ಯಪ್‌ನಲ್ಲಿ ಒಂದು ದೋಷವಿದೆ. ಯಾವ ಮನೆಗೆ ಯಾವತ್ತು ಹಾಲು ಬೇಡ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಕೂಡಲೇ ಸರಿಪಡಿಸಿ."

"ನಮ್ಮನೆ ಕಿಟಕೀಲಿ ಇಣುಕೋಕೆ ಇವಳ್ಯಾರು? ಪೊಲೀಸರಿಗೆ ಕೊಡ್ತೀನಿ ದೂರು!"

ಲೆಕ್ಕ ನೋಡಿಕೊಳ್ಳುವ ಅಕ್ಕ ತಲೆಯೆತ್ತಿದಳು. "ತಡಿಯೋ ಸ್ವಲ್ಪ. ಬಾಗಿಲು ತೆರೆದಿದೆ ಅಂತ ಹೇಳೋಕೆ ಬಂದವಳನ್ನೇ ಕಳ್ಳಿ ಅಂದ್ರೆ ಇನ್ನು ಯಾರು ಹೇಳ್ತಾರೆ? ಕಂಡವನು ಸುಮ್ನೆ ಒಳಗೆ ನುಗ್ತಾನೆ. ದೊಡ್ಡ ಕಂಪನಿಗಳು ಇಂಥೋರಿಗೆ ಬಹುಮಾನ ಕೊಡ್ತಾವಂತೆ."

"ಬಹುಮಾನ ಬೇರೆ ಕೇಡು! ಊರಿಗೆಲ್ಲ ಗೊತ್ತಾದ್ರೆ ಒಬ್ಬ ಗಿರಾಕಿನೂ ಉಳಿಯಲ್ಲ ಅಕ್ಕಾ. ಅಪ್ಪ ಸೈಕಲ್ ತುಳಿದು ಗಳಿಸಿದ ಹೆಸರು ಇದು."

ಆ ಭಯ ಸುಳ್ಳೇನಲ್ಲ. ಆದರೆ ಭಯಕ್ಕಿಂತ ಸಿಟ್ಟು ಮುಂದೆ ಓಡುತ್ತಿತ್ತು. ಯಜಮಾನರು ಇ-ಮೇಲ್ ಬರೆದವಳಿಗೇ ಫೋನ್ ಹಚ್ಚಿದರು.

"ಏನಮ್ಮಾ, ಹಾಲು ಬೇಡ ಅನ್ನೋದೇನು ಬ್ಯಾಂಕಿನ ಗುಟ್ಟಾ?"

"ಹಾಲು ಬೇಡ ಅಂದ್ರೆ ಮನೇಲಿ ಯಾರೂ ಇರಲ್ಲ ಅಂತ ಅಲ್ವಾ ಸರ್?" ಎಂದಳು ಆಕೆ ಮೆಲ್ಲಗೆ. "ನನ್ನ ದಿನಾಂಕ ಬದಲಿಸೋಕೆ ಹೋದೆ, ಬೇರೆಯವರದ್ದು ಕಾಣಿಸ್ತು. ಆ ಪಟ್ಟೀಲಿ ಮೊದಲನೇ ಹೆಸರು ನಿಮ್ಮದೇ. ನಾಳೆಯಿಂದ ಭಾನುವಾರದವರೆಗೆ ನಿಮ್ಮನೆಗೂ ಬೇಡ. ಅದಕ್ಕೇ ನೀವು ಹೊರಡೋದ್ರೊಳಗೆ ಹೇಳಿಬಿಡೋಣ ಅಂತ ಬರೆದೆ."

ಯಜಮಾನರು ದೊಪ್ಪನೆ ಕುರ್ಚಿಯಲ್ಲಿ ಕುಸಿದರು. ನಾಚಿಕೆಯಾಯಿತು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಂಥ ನಗು. "ಮನೆ ಖಾಲಿ ಇದೆ ಬನ್ರಪ್ಪೋ ಅಂತ ನಾನೇ ಡಂಗುರ ಸಾರಿದ್ದೀನಲ್ಲಮ್ಮಾ! ತಪ್ಪಾಯ್ತು. ನಿಮ್ಮ ಉಪಕಾರ ಮರೆಯಲ್ಲ."

ಮಧ್ಯಾಹ್ನದೊಳಗೆ ದೋಷ ಸರಿಯಾಯಿತು. ಆಕೆಗೆ ಬಹುಮಾನ ಹೋಯಿತು. ಗಿರಾಕಿಗಳಿಗೂ ನಡೆದದ್ದನ್ನು ತಿಳಿಸಿದರು. ಕೆಲವರು ಬೈದರು, ಇಬ್ಬರು ಬಿಟ್ಟೂ ಹೋದರು. ಆ್ಯಪ್‌ನ ಮೊದಲ ಪುಟದಲ್ಲೇ ಹೊಸ ಸಾಲೊಂದು ಬಂತು: ನಮ್ಮ ತಪ್ಪು ಕಂಡರೆ ಮೊದಲು ನಮಗೇ ಹೇಳಿ, ಬಹುಮಾನ ಕೊಡುತ್ತೇವೆ.

ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಇನ್ನೊಂದು ಇ-ಮೇಲ್. ಒಂದೇ ರಿಯಾಯಿತಿ ಕೂಪನ್ ಎಷ್ಟು ಸಲ ಬೇಕಾದರೂ ನಡೆಯುತ್ತಿದೆ ಎಂದು ಒಬ್ಬ ಕಾಲೇಜು ಹುಡುಗ ಬರೆದಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಯಜಮಾನರ ಮುಖ ನೋಡಿದರು. ಅವರು ಹುಡುಗನಿಗೆ ಫೋನ್ ಮಾಡಿದರು.

"ಏನಯ್ಯಾ," ಎಂದು ಗದರುವವರಂತೆ ಶುರುಮಾಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿಧಾನವಾಗಿ ಹೇಳು, ಬರ್ಕೋತೀನಿ. ಇನ್ನೂ ಏನೇನು ಕೆಡಿಸಿಟ್ಟಿದ್ದೀವಿ?"