ಹಾಕದೆ ಬಿಟ್ಟ ಬೀಗ

ಬೀಗ ರಿಪೇರಿಯವನ ಕೈ ನಡುಗತೊಡಗಿ, ಕೀಲಿಕೈಗೆ ಅರ ಉಜ್ಜುವುದೇ ಕಷ್ಟವಾಗಿತ್ತು. ಇದಕ್ಕೆ ಮದ್ದಿದೆಯೇ ಎಂದು ಮಗಳು ಅಂಗಡಿಯಲ್ಲೇ ಕೂತು ಫೋನಿನಲ್ಲಿ ಸಂಶೋಧನಾ ಲೇಖನಗಳನ್ನು ಹುಡುಕುತ್ತಿದ್ದಳು. ಸಿಕ್ಕಿದ್ದೆಲ್ಲ ಓದಲು ದುಡ್ಡು ಕೇಳುತ್ತಿತ್ತು. ಕೊನೆಗೆ ಒಂದರ ಪಕ್ಕ ತೆರೆದ ಬೀಗದ ಚಿತ್ರ ಕಂಡಿತು.

"ಅಯ್ಯೋ, ಯಾರೋ ಬೀಗ ಹಾಕೋದು ಮರ್ತಿದಾರೆ! ಅವ್ರು ಬರೋದ್ರೊಳಗೆ ಓದ್ಬಿಡು ಮಗಳೇ," ಎಂದು ಅಪ್ಪ ಬಾಗಿಲ ಕಡೆ ನೋಡಿದ.

ಮಗಳಿಗೆ ನಗು ತಡೆಯಲಾಗಲಿಲ್ಲ. "ಮರ್ತಿಲ್ಲಪ್ಪ, ಬರೆದ ಡಾಕ್ಟರೇ ತೆಗೆದಿಟ್ಟಿದಾರೆ. ಯಾರು ಬೇಕಾದ್ರೂ ಓದ್ಬಹುದು."

"ನಮ್ಮಂಥವರೂನಾ?"

"ಲೋಕದಲ್ಲಿರೋರೆಲ್ಲ."

ಲೇಖನ ತೆರೆದುಕೊಂಡಿತು. ಯಾರೋ ರೋಗಿ ನಡುಗುವ ಕೈಯಲ್ಲಿ ಬರೆದ ಸುರುಳಿಗೆರೆ. ಪಕ್ಕದಲ್ಲಿ, ಚಿಕಿತ್ಸೆಯಾದ ಮೇಲೆ ಅದೇ ಕೈ ಬರೆದ ನುಣುಪಾದ ಸುರುಳಿ. ಅಪ್ಪ ಉಸಿರು ಬಿಗಿಹಿಡಿದು, ಗಾಳಿಯಲ್ಲೇ ಬೆರಳಾಡಿಸಿ ಆ ಎರಡನೆಯದನ್ನು ಬರೆಯತೊಡಗಿದ.